ಬ್ಲೂ ಕಾರ್ಡ್‌ನಲ್ಲಿ ಜರ್ಮನಿಯಿಂದ ನೆದರ್ಲೆಂಡ್ಸ್‌ಗೆ ಹೋದವರು ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬ್ಲೂ ಕಾರ್ಡ್ (ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದ, ಹೆಚ್ಚು ಕೌಶಲದ ಕೆಲಸಗಾರರಿಗೆ ಕೊಡುವ ವಾಸ-ಕೆಲಸದ ಪರವಾನಗಿ) ಮೇಲೆ ಮ್ಯೂನಿಕ್‌ನಲ್ಲಿದ್ದೇನೆ, ಎರಡನೇ ವರ್ಷ ನಡೆಯುತ್ತಿದೆ. ಈಗ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿದೆ.

ನಮ್ಮ ಆಫೀಸಿನ ಇಟಲಿಯವನೊಬ್ಬ ಕಳೆದ ಬೇಸಿಗೆಯಲ್ಲಿ ಅಲ್ಲಿಗೇ ಹೋದ. ವೀಸಾ ಇಲ್ಲ, ಪರ್ಮಿಟ್ ಇಲ್ಲ. ಸಾಮಾನು ವ್ಯಾನಿಗೆ ತುಂಬಿದ, ನಗರಸಭೆಯಲ್ಲಿ ಹೆಸರು ಬರೆಸಿದ, ಮುಗೀತು. ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೀಗೆ ಹೋಗುವುದು ಒಂದು ಹಕ್ಕು ಅನ್ನುವುದೇ ಅಲ್ಲಿನ ಪ್ರಜೆಗಳಿಗೆ ನೆನಪಿರುವುದಿಲ್ಲ. (ಸ್ವಲ್ಪ ಹೊಟ್ಟೆಕಿಚ್ಚು ಇದೆ, ಸುಳ್ಳು ಯಾಕೆ ಹೇಳಲಿ!)

ನಮಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2021ರ ಬ್ಲೂ ಕಾರ್ಡ್ ನಿಯಮದಂತೆ, ಮೊದಲ ದೇಶದಲ್ಲಿ 12 ತಿಂಗಳು ಇದ್ದವರು ಕೆಲಸಕ್ಕಾಗಿ ಎರಡನೇ ದೇಶಕ್ಕೆ ಹೋಗಿ, ಒಂದು ತಿಂಗಳೊಳಗೆ ಆ ದೇಶದ ಬ್ಲೂ ಕಾರ್ಡ್‌ಗೆ ಅಲ್ಲೇ ಅರ್ಜಿ ಹಾಕಬಹುದು. ಡೆನ್ಮಾರ್ಕ್, ಐರ್ಲೆಂಡ್ ಮಾತ್ರ ಇದರಲ್ಲಿ ಇಲ್ಲ.

ಹೀಗೆ ಹೋದವರು ಹೇಳಿ, ಕಾರ್ಡ್ ಬರುವ ಮುಂಚೆಯೇ ಕೆಲಸ ಶುರು ಮಾಡಲು ಬಿಟ್ಟರಾ? ಹೆಂಡತಿ, ಮಗಳ ಅರ್ಜಿ ಜೊತೆಗೇ ಹಾಕಿದಿರಾ?

ಜಾಸ್ತಿ ತಲೆಬಿಸಿ ಮನೆಯದು. ಇಲ್ಲಿ ಮನೆ ಬಿಡಲು ಮೂರು ತಿಂಗಳ ನೋಟಿಸ್ ಕೊಡಬೇಕು. ಅಲ್ಲಿ ಅರ್ಜಿ ತಿರಸ್ಕಾರವಾದರೆ ಜರ್ಮನಿ ವಾಪಸ್ ಬಿಟ್ಟುಕೊಳ್ಳಬೇಕು ಅಂತ ನಿಯಮವೇನೋ ಇದೆ. ಆದರೆ ಮ್ಯೂನಿಕ್‌ನಲ್ಲಿ ಮತ್ತೆ ಮನೆ ಯಾರು ಕೊಡುತ್ತಾರೆ, ಅಲ್ವಾ? ಸ್ವಲ್ಪ ದಿನ ಎರಡೂ ಕಡೆ ಬಾಡಿಗೆ ಕಟ್ಟಿದವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ.