ಸಹಾಯ ಬೇಕು: ಜೇನು, ಕಾಚಂಪುಳಿ ಮಾರೋಕೆ ಯಾವ ಪೇಮೆಂಟ್ ಸೇಫ್?

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ನಾನು, ಅತ್ತೆ ಸೇರಿ ಜೇನು, ಕಾಳುಮೆಣಸು, ಕಾಚಂಪುಳಿಗೆ (ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿರಸ) ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಕೊರಿಯರ್ ಮಾಡುತ್ತೇವೆ.

ಆಷಾಢದಲ್ಲಿ ಒಬ್ಬರು 2,400 ರೂಪಾಯಿ ಹಾಕಿದ್ದೇನೆ ಅಂತ ಸ್ಕ್ರೀನ್‌ಶಾಟ್ ಕಳಿಸಿದರು. ಹಸಿರು ಟಿಕ್, ನನ್ನ ಹೆಸರು, ಎಲ್ಲ ಸರಿಯಾಗಿತ್ತು. ಅವತ್ತು ಜೋರು ಮಳೆ. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಬ್ಯಾಂಕಿನ ಮೆಸೇಜ್ ಆಮೇಲೆ ಬರುತ್ತೆ ಅಂದುಕೊಂಡು ನಾಲ್ಕು ಬಾಟಲಿ ಜೇನು ಕಳಿಸಿಬಿಟ್ಟೆ. ದುಡ್ಡು ಬರಲೇ ಇಲ್ಲ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಅತ್ತೆಗೆ ಹೇಳುವಾಗ ತುಂಬಾ ಸಂಕಟವಾಯಿತು.

ಈಗ ಅಕೌಂಟ್ ನೋಡದೆ ಡಬ್ಬ ಕಟ್ಟಲ್ಲ. ದುಡ್ಡು ಬರೋಕೆ ನಾವು ಪಿನ್ ಹಾಕಬೇಕಿಲ್ಲ ಅಂತ ಅತ್ತೆಗೂ ಹೇಳಿಕೊಟ್ಟಿದ್ದೇನೆ. ಕ್ಯಾಶ್ ಆನ್ ಡೆಲಿವರಿ ಕೊಡೋಣ ಅಂದ್ರೆ, ಗಿರಾಕಿ ಬೇಡ ಅಂದರೆ ಹೋಗಿಬರುವ ಎರಡೂ ಚಾರ್ಜ್ ನಮ್ಮ ತಲೆಗೆ. ಬಾಟಲಿ ಒಡೆದರೆ ಅದೂ ನಷ್ಟ ಅಲ್ವಾ? ಪೇಮೆಂಟ್ ಗೇಟ್‌ವೇ ಲಿಂಕ್ (ಗಿರಾಕಿ ಅದನ್ನು ಒತ್ತಿ ಆನ್‌ಲೈನಲ್ಲಿ ದುಡ್ಡು ಕಟ್ಟೋದು) ವಾಸಿ ಅನಿಸುತ್ತೆ, ಕಮಿಷನ್ ಹೋದರೂ ಪರವಾಗಿಲ್ಲ. ಆದರೆ ಕಾರ್ಡಲ್ಲಿ ಕಟ್ಟಿದವರು ಮಾಲು ತಗೊಂಡ ಮೇಲೆ, ಬ್ಯಾಂಕಿಗೆ ಹೇಳಿ ದುಡ್ಡು ವಾಪಸ್ ಪಡೆಯುವ ಚಾರ್ಜ್‌ಬ್ಯಾಕ್ ಕೇಳಿದರೆ? ಕೊರಿಯರ್ ರಸೀದಿ ಸಾಕಾಗುತ್ತಾ?

ಮಡಿಕೇರಿ, ವಿರಾಜಪೇಟೆ ಕಡೆ ಹೀಗೆ ಮಾರುವವರು ಯಾವುದು ಬಳಸುತ್ತೀರಿ? ವ್ಯಾಪಾರಕ್ಕೆ ಬೇರೆ ಅಕೌಂಟ್ ಇಟ್ಟಿದ್ದೀರಾ? ದಯವಿಟ್ಟು ತಿಳಿಸಿ. ಶನಿವಾರದೊಳಗೆ ಆರು ಪಾರ್ಸೆಲ್ ಕಳಿಸಬೇಕು.