ಮಳೆ ಬಂದರೆ ಇಂಗುಗುಂಡಿ ತುಂಬುತ್ತದೆ, ಇನ್ನೂ ಆಳ ತೋಡಿಸಲೇ?

ಪ್ರಶ್ನೆ: ಮಳೆ ಹಿಡಿದರೆ ಸಾಕು, ಸೆಪ್ಟಿಕ್ ಟ್ಯಾಂಕ್‌ನ ಇಂಗುಗುಂಡಿ ಕಂಠಮಟ್ಟ ತುಂಬುತ್ತದೆ, ಶೌಚಾಲಯದ ನೀರು ಇಳಿಯುವುದಿಲ್ಲ. ಟ್ಯಾಂಕ್ ಖಾಲಿ ಮಾಡಿಸಿದರೂ ಬೇಗ ತುಂಬಿತು. ಬೇಸಿಗೆಯಲ್ಲಿ ತೊಂದರೆ ಇಲ್ಲ. ಪಕ್ಕದಲ್ಲೇ ಇನ್ನೂ ಆಳವಾದ ಗುಂಡಿ ತೋಡೋಣ ಅಂತಾರೆ ಮೇಸ್ತ್ರಿ. ಹಿತ್ತಲಲ್ಲಿ ಬಾವಿಯೂ ಇದೆ.

ಉತ್ತರ: ದಯವಿಟ್ಟು ಈಗಲೇ ತೋಡಿಸಬೇಡಿ. ಮಳೆಗಾಲದಲ್ಲಿ ಮಾತ್ರ ತುಂಬುತ್ತದೆ ಅಂದರೆ ಅಂತರ್ಜಲ ಮೇಲೆ ಬರುತ್ತಿರುವ ಅನುಮಾನವೇ ಜಾಸ್ತಿ. ಹಾಗಿದ್ದರೆ ಆಳ ಹೆಚ್ಚಿದಷ್ಟೂ ಕೊಳಚೆ ಸೋಸದೆ ನೇರ ಅಂತರ್ಜಲಕ್ಕೆ ಸೇರುತ್ತದೆ, ಅಲ್ಲಿಂದ ಬಾವಿಗೆ.

ಹಳೇ ಗುಂಡಿಯಿಂದ ದೂರದಲ್ಲಿ ಕೈ ಬೈರಿಗೆಯಿಂದ ಒಂದೂವರೆ ಮೀಟರ್ ಕೊರೆಯಿರಿ. ಬಂದ ಮಣ್ಣನ್ನು ಬಂದ ಕ್ರಮದಲ್ಲೇ ಹಾಳೆಯ ಮೇಲೆ ಸಾಲಾಗಿ ಇಡಿ. ಒಂದೇ ಸಮ ಕೆಂಪು ಅಥವಾ ಕಂದು ಇದ್ದರೆ ಸಾಮಾನ್ಯವಾಗಿ ಅಲ್ಲಿ ಗಾಳಿ ಆಡುತ್ತದೆ. ಬೂದು ಬಣ್ಣದ ನಡುವೆ ತುಕ್ಕಿನಂಥ ಚುಕ್ಕೆ ಕಂಡರೆ ವರ್ಷದಲ್ಲಿ ಕೆಲವು ಕಾಲ ಅಲ್ಲಿ ನೀರು ನಿಲ್ಲುತ್ತದೆ ಅಂತ. ಈ ಗುರುತು ಬೇಸಿಗೆಯಲ್ಲೂ ಅಳಿಯುವುದಿಲ್ಲ. ಎಷ್ಟು ಆಳದಲ್ಲಿ ಶುರುವಾಯಿತು ಅಂತ ಅಳೆದು ಬರೆದಿಡಿ.

ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯಿರಿ. 5 ಸೆಂ.ಮೀ. ದಾಟಿದರೆ ಜೇಡಿ, ನೀರು ನಿಧಾನ ಇಂಗುತ್ತದೆ. 2.5 ಸೆಂ.ಮೀ. ಒಳಗೇ ಮುರಿದರೆ ಜೇಡಿ ಕಡಿಮೆ.

ಆಮೇಲೆ ಇಂಗುವ ಪರೀಕ್ಷೆ. ಹೊಸ ವ್ಯವಸ್ಥೆಯ ತಳ ಎಲ್ಲಿ ಬರುತ್ತದೋ ಅದೇ ಆಳಕ್ಕೆ ಚಿಕ್ಕ ಗುಂಡಿ ತೆಗೆದು, ನುಣುಪಾದ ಗೋಡೆಯನ್ನು ಕೆರೆದು, ತಳಕ್ಕೆ ಜಲ್ಲಿ ಹಾಕಿ, ರಾತ್ರಿಯಿಡೀ ನೀರು ನಿಲ್ಲಿಸಿ. ಒಣ ಜೇಡಿ ಮೊದಲು ಬೇಗ ಕುಡಿದು ಸುಳ್ಳು ಹೇಳುತ್ತದೆ, ಅದಕ್ಕೇ ನೆನೆಸಬೇಕು. ಬೆಳಿಗ್ಗೆ ನೀರು 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಿ. 60 ನಿಮಿಷ ಮೀರಿದರೆ ಇಂಗಿಸುವ ಆಸೆ ಬಿಡಿ. ಒಂದು ನಿಮಿಷದೊಳಗೆ ಇಳಿದರೂ ಕಷ್ಟವೇ, ಮಣ್ಣು ಏನನ್ನೂ ಸೋಸುವುದಿಲ್ಲ.

ಹಳೇ ಗುಂಡಿಯೊಳಗೆ ಮಾತ್ರ ಯಾರನ್ನೂ ಇಳಿಸಬೇಡಿ. ವಿಷಗಾಳಿಗೆ ಕ್ಷಣದಲ್ಲಿ ಜೀವ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಮೇಲೆ ಕೆಂಪು ಮಣ್ಣು, 90 ಸೆಂ.ಮೀ.ಯಿಂದ ಬೂದು, ತುಕ್ಕಿನ ಚುಕ್ಕೆ. ಕೆಂಪು ಮಣ್ಣಲ್ಲಿ 25 ಮಿ.ಮೀ. ಇಳಿಯಲು ಸುಮಾರು 40 ನಿಮಿಷ ಹಿಡಿಯಿತು.

ಉತ್ತರ: ಹಾಗಾದರೆ ಆಳದ ಗುಂಡಿ ಬೇಡವೇ ಬೇಡ. ಚುಕ್ಕೆ ಶುರುವಾದ 90 ಸೆಂ.ಮೀ.ವರೆಗೆ ಮಳೆಗಾಲದಲ್ಲಿ ನೀರು ಏರುತ್ತದೆ ಅಂತ ಲೆಕ್ಕ. ಇಂಗುವ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ 60 ಸೆಂ.ಮೀ.ಯಿಂದ 1.2 ಮೀಟರ್ ಒಣ ಮಣ್ಣು ಇರಬೇಕು. ನಿಮ್ಮಲ್ಲಿ ಅದು ಸಿಗಬೇಕಾದರೆ ನೆಲದ ಮೇಲೆ ಮರಳಿನ ದಿಬ್ಬ ಕಟ್ಟಿ, ಪಂಪಿನಿಂದ ಸೆಪ್ಟಿಕ್ ಟ್ಯಾಂಕ್‌ನ ನೀರನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಬಿಡುವುದು ಒಳ್ಳೆಯದು. ವಿನ್ಯಾಸವನ್ನು ಅನುಭವಿ ಎಂಜಿನಿಯರ್ ಕೈಲೇ ಮಾಡಿಸಿ. ಬಾವಿಯಿಂದ ಎಷ್ಟು ದೂರ ಇರಬೇಕೆಂದು ಸ್ಥಳೀಯ ನಿಯಮ ನೋಡಿ.

ಇನ್ನೊಬ್ಬರು: ಬಾವಿ ನೀರನ್ನು ಈಗಲೇ ಕೋಲಿಫಾರ್ಮ್ (ಕೊಳಚೆ ಸೇರಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ), ನೈಟ್ರೇಟ್ (ಕೊಳಚೆಯಿಂದ ನೀರಿಗೆ ಸೇರುವ ಲವಣ) ಎರಡಕ್ಕೂ ಪರೀಕ್ಷೆ ಮಾಡಿಸಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಮನೆಯಲ್ಲಿ ಹಸುಗೂಸು ಇದ್ದರೆ ವರದಿ ಬರುವವರೆಗೆ ಆ ನೀರು ಕೊಡಬೇಡಿ.