ಪೌಲನ ಮತಾಂತರದ ಚಿತ್ರಗಳಲ್ಲಿ ಕುದುರೆ ಎಲ್ಲಿಂದ ಬಂತು?

ಪ್ರಶ್ನೆ: ಮೊದಲು ಕ್ರೈಸ್ತರನ್ನ ಹಿಂಸಿಸ್ತಿದ್ದ ಸಂತ ಪೌಲ ಕ್ರೈಸ್ತನಾಗೋ ಸೀನ್ ಯಾರೇ ಬರೆದ್ರೂ ಅವನು ಕುದುರೆಯಿಂದ ಬಿದ್ದಿರ್ತಾನೆ, ಆದ್ರೆ ಬೈಬಲಲ್ಲಿ ಕುದುರೆ ಮಾತೇ ಇಲ್ವಲ್ಲ?

ಉತ್ತರ 1: ಹೌದು, ದಮಸ್ಕಸ್ ದಾರೀಲಿ ಬೆಳಕು ಹೊಡೀತು, ನೆಲಕ್ಕೆ ಬಿದ್ದ ಅಂತಷ್ಟೇ ಇರೋದು. ಕುದುರೆ ಮಧ್ಯಯುಗದ ಚಿತ್ರಗಳಲ್ಲೇ ಸೇರ್ಕೊಂಡಿತ್ತು. ಸೊಕ್ಕಿಳಿಯೋದನ್ನ ತೋರಿಸೋಕೆ ಇನ್ನೇನು ಬೇಕು ಹೇಳಿ 😄

ಉತ್ತರ 2: ಚಿತ್ರಕಾರ ಬ್ರೂಗೆಲ್ ಬರೆದದ್ದು ನೋಡಿ, 1567ರದ್ದು, ವಿಯೆನ್ನಾದಲ್ಲಿದೆ. ಬೆಟ್ಟ ಹತ್ತೋ ದೊಡ್ಡ ಸೈನ್ಯ, ಕಣ್ಣೆದುರಿಗೇ ಕುದುರೆ ಹಿಂಭಾಗ, ಪೌಲನ್ನ ಹುಡುಕ್ಬೇಕು, ನೀಲಿ ಬಟ್ಟೇಲಿ ನಡುವೆ ಎಲ್ಲೋ ಚಿಕ್ಕದಾಗಿ ಬಿದ್ದಿದಾನೆ, ಎಷ್ಟೋ ಜನ ತಮ್ಮ ಪಾಡಿಗೆ ನಡೀತಾನೇ ಇದಾರೆ. ನಂಗೆ ಇದೇ ಇಷ್ಟ.

ಉತ್ತರ 3: ಮೈಕೆಲ್ಯಾಂಜೆಲೊ ವ್ಯಾಟಿಕನ್‌ನಲ್ಲಿ ಬರೆದಿರೋ ಪೌಲನಿಗೆ ಬಿಳಿ ಗಡ್ಡ! ಕಥೇಲಿ ಅವನಿನ್ನೂ ಯುವಕ, ಆದ್ರೆ ಬರೆಯೋವಾಗ ಮೈಕೆಲ್ಯಾಂಜೆಲೊಗೇ 70ರ ಹತ್ತಿರ.